ಆರ್ಕಿಡ್ ಕೊಳೆಯುತ್ತಿದೆ, ಯಾವ ಔಷಧಿ ಹಾಕಲಿ?

ಪ್ರಶ್ನೆ: ಉಡುಗೊರೆಯಾಗಿ ಬಂದ ಫೆಲನಾಪ್ಸಿಸ್ ಆರ್ಕಿಡ್‌ನ ಎಲೆಗಳು ಜೋಲುಬಿದ್ದು ಸುಕ್ಕುಗಟ್ಟಿವೆ. ನೀರು ಸಾಲದೇನೋ ಎಂದು ದಿನವೂ ಹಾಕುತ್ತಿದ್ದೇನೆ, ಆದರೂ ಬಾಡುತ್ತಲೇ ಇದೆ. ಬೇರು ಕೊಳೆತಿರಬಹುದು ಎಂದು ಗೆಳತಿ ಹೇಳುತ್ತಾಳೆ. ಇದಕ್ಕೆ ಔಷಧಿ ಯಾವುದು?

ಉತ್ತರ: ಮೊದಲು ನೀರು ಹಾಕುವುದನ್ನು ನಿಲ್ಲಿಸಿ. ನಿಮ್ಮ ಗೆಳತಿಯ ಊಹೆ ಬಹುಮಟ್ಟಿಗೆ ಸರಿ. ಬಾಯಾರಿದ ಗಿಡವೂ ಬೇರು ಕೊಳೆತ ಗಿಡವೂ ಮೇಲುನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಎರಡರಲ್ಲೂ ಎಲೆಗೆ ನೀರು ತಲುಪುತ್ತಿರುವುದಿಲ್ಲ. ಬೇರೇ ಸತ್ತಿರುವಾಗ ಸುರಿಯುವ ಪ್ರತಿ ಲೋಟ ನೀರೂ ಉಳಿದ ಬೇರನ್ನು ಕೊಳೆಸುತ್ತದೆ. ಮನೆಯೊಳಗಿನ ಆರ್ಕಿಡ್‌ಗಳು ಹೆಚ್ಚಾಗಿ ಸಾಯುವುದು ಈ ತಪ್ಪು ತಿಳಿವಳಿಕೆಯಿಂದಲೇ.

ಆದರೆ ಕೊಲ್ಲುವುದು ನೀರಲ್ಲ, ಗಾಳಿಯ ಕೊರತೆ. ಮಲೆನಾಡಿನ ಮಾವು, ಹಲಸಿನ ಮರಗಳ ಮೇಲೆ ಬೆಳೆಯುವ ಸೀತಾಳೆ ದಂಡೆಯನ್ನು ನೋಡಿ. ಅದೂ ಆರ್ಕಿಡ್ಡೇ. ತಿಂಗಳುಗಟ್ಟಲೆ ಮಳೆ ಹೊಡೆದರೂ ಅದರ ಬೇರು ಕೊಳೆಯುವುದಿಲ್ಲ, ಏಕೆಂದರೆ ತೊಗಟೆಗೆ ಅಂಟಿಕೊಂಡ ಆ ಬೇರುಗಳಿಗೆ ಮಳೆ ನಿಂತ ಕೂಡಲೇ ಗಾಳಿ ತಾಗುತ್ತದೆ. ಫಿಲಿಪ್ಪೀನ್ಸ್, ಇಂಡೊನೇಷ್ಯಾದ ಕಾಡುಗಳಲ್ಲಿ ಫೆಲನಾಪ್ಸಿಸ್ ಬದುಕುವುದೂ ಹೀಗೆಯೇ. ಇಂತಹ ಬೇರಿಗೆ ಸತ್ತ ಕೋಶಗಳಿಂದಾದ ವೆಲಾಮೆನ್ ಎಂಬ ಹೊದಿಕೆ ಇರುತ್ತದೆ. ಅದು ಸ್ಪಂಜಿನಂತೆ ನೀರನ್ನು ಥಟ್ಟನೆ ಹೀರಿ, ಮತ್ತೆ ಒಣಗುತ್ತದೆ. ಒಣಗಿದಾಗ ಬೇರು ಬೆಳ್ಳಿಬಣ್ಣಕ್ಕೂ ನೆನೆದಾಗ ಹಸಿರಿಗೂ ತಿರುಗುವುದು ಇದರಿಂದಲೇ. ಅಂಗಡಿಯಿಂದ ಬರುವ ಗಿಡವಾದರೋ ಪ್ಲಾಸ್ಟಿಕ್ ಲೋಟದಲ್ಲಿ, ಒತ್ತಿ ತುಂಬಿದ ಪಾಚಿಯಲ್ಲಿ (ಸ್ಫ್ಯಾಗ್ನಮ್ ಮಾಸ್) ಕುಳಿತಿರುತ್ತದೆ. ಅದನ್ನು ತೂತಿಲ್ಲದ ಪಿಂಗಾಣಿ ಕುಂಡದೊಳಗೆ ಇಳಿಸಿರುತ್ತಾರೆ. ಮೇಲಿನ ಪಾಚಿ ಒಣಗಿ ಗರಿಗರಿಯಾದರೂ ನಡುವಿನ ಮುದ್ದೆ ವಾರಗಟ್ಟಲೆ ತೊಯ್ದಿರುತ್ತದೆ.

ಹಾಗಾಗಿ ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಹೂವಿದ್ದರೂ ತೆಗೆಯಿರಿ. ಪಾಚಿಯನ್ನು ಪೂರ್ತಿ ಬಿಡಿಸಿ, ಹರಿಯುವ ನೀರಿನಲ್ಲಿ ಬೇರು ತೊಳೆದು, ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ. ಬಣ್ಣವನ್ನು ನಂಬಬೇಡಿ: ಪಾಚಿಯ ಕಲೆ ಹಿಡಿದು ಕಂದಾದ ಬೇರು ಗಟ್ಟಿಯಾಗಿದ್ದರೆ ಅದು ಜೀವಂತ. ಒತ್ತಿದರೆ ಪಿಚಕ್ಕನೆ ಒಳಹೋಗುವ, ಸಿಪ್ಪೆ ಜಾರಿ ನಡುವಿನ ದಾರವಷ್ಟೇ ಕೈಗೆ ಬರುವ ಬೇರು ಸತ್ತಿದೆ. ಅದನ್ನು ಗಟ್ಟಿ ಭಾಗದವರೆಗೆ ಕತ್ತರಿಸಿ. ಕತ್ತರಿಯನ್ನು ಮೊದಲೇ ಬೆಂಕಿಯಲ್ಲಿ ಕಾಯಿಸಿ ಆರಿಸಿಕೊಳ್ಳಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗಲೂ ಇದು ಬೇಕೇ ಬೇಕು, ಏಕೆಂದರೆ ಆರ್ಕಿಡ್‌ಗಳ ವೈರಸ್‌ಗಳು ಕತ್ತರಿಯ ಮೂಲಕವೂ ಹರಡುತ್ತವೆ. ಹೂಗೊಂಚಲು ಇದ್ದರೆ ಅದನ್ನೂ ಕತ್ತರಿಸಿ, ಈಗ ಗಿಡಕ್ಕೆ ಅದು ಹೊರೆ. ಗಾಯದ ಮೇಲೆ ದಾಲ್ಚಿನ್ನಿ ಪುಡಿ ಹಚ್ಚುವವರು ಬಹಳ ಮಂದಿ. ಎಲೆಯ ಗಾಯಕ್ಕೆ ಪರವಾಗಿಲ್ಲ, ಆದರೆ ಅದು ತೇವವನ್ನು ಹೀರುವುದರಿಂದ ಒಳ್ಳೆಯ ಬೇರನ್ನೂ ಒಣಗಿಸುತ್ತದೆ. ಬೇರಿಗೆ ಬೇಡ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ, ಅದು ರೋಗದ ಜೊತೆಗೆ ಹಸಿ ಬೇರನ್ನೂ ಸುಡುತ್ತದೆ.

ಗಾಯ ಒಣಗಲು ಗಿಡವನ್ನು ನೆರಳಿನಲ್ಲಿ ಒಂದು ದಿನ ಹಾಗೆಯೇ ಇಡಿ. ಬಳಿಕ ಬದಿಯಲ್ಲೂ ತಳದಲ್ಲೂ ತೂತಿರುವ ಸಣ್ಣ ಕುಂಡದಲ್ಲಿ ಇದ್ದಿಲು ಮತ್ತು ಮರದ ತೊಗಟೆಯ ಚೂರುಗಳಲ್ಲಿ ನೆಡಿ. ತೆಂಗಿನ ಸಿಪ್ಪೆಯ ತುಂಡುಗಳೂ ನಡೆಯುತ್ತವೆ, ಆದರೆ ಉಪ್ಪಿನಂಶ ಹೋಗುವವರೆಗೆ ನೆನೆಸಿ ತೊಳೆದಿರಬೇಕು. ಅವು ಹೆಚ್ಚು ನೀರು ಹಿಡಿದಿಡುವುದರಿಂದ ಮಳೆಗಾಲದಲ್ಲಿ ಪ್ರಮಾಣ ತಗ್ಗಿಸಿ. ಕುಂಡ ದೊಡ್ಡದಾದಷ್ಟೂ ಒಳಗೆ ತೇವ ಉಳಿಯುತ್ತದೆ, ಆದ್ದರಿಂದ ಉಳಿದ ಬೇರು ಹಿಡಿಸುವಷ್ಟೇ ಸಾಕು. ಬೇರು ಒಂದೂ ಉಳಿದಿಲ್ಲವೇ? ಕಾಂಡದ ಬುಡ ಗಟ್ಟಿಯಾಗಿದ್ದರೆ ಇನ್ನೂ ಆಸೆಯಿದೆ. ಹಿಂಡಿದ ಒದ್ದೆ ಪಾಚಿಯಿಂದ ತುಸು ಮೇಲೆ, ಅದಕ್ಕೆ ತಾಗದಂತೆ ಗಿಡವನ್ನಿಟ್ಟು, ಪಾರದರ್ಶಕ ಚೀಲ ಮುಚ್ಚಿ, ನೆರಳಿನ ಬೆಚ್ಚನೆಯ ಜಾಗದಲ್ಲಿಡಿ. ಆಗಾಗ ಚೀಲ ತೆರೆದು ಗಾಳಿಯಾಡಿಸಿ. ಹೊಸ ಬೇರಿಗೆ ತಿಂಗಳುಗಳೇ ಹಿಡಿಯಬಹುದು.

ಬೇರಿಗಿಂತ ಭಯಪಡಬೇಕಾದದ್ದು ಸುಳಿಕೊಳೆಗೆ. ಫೆಲನಾಪ್ಸಿಸ್‌ಗೆ ಇರುವುದು ಒಂದೇ ಸುಳಿ. ಎಲೆಗಳ ನಡುವಿನ ಬಟ್ಟಲಿನಲ್ಲಿ ರಾತ್ರಿಯಿಡೀ ನೀರು ನಿಂತರೆ ಅದು ಕಪ್ಪಾಗಿ, ಎಳೆಯ ಎಲೆ ಹಿಡಿದೊಡನೆ ಕೈಗೆ ಬರುತ್ತದೆ. ಕಾಡಿನಲ್ಲಿ ಈ ಗಿಡ ಮರದಿಂದ ಓರೆಯಾಗಿ ಜೋಲುವುದರಿಂದ ನೀರು ಜಾರಿಹೋಗುತ್ತದೆ, ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿದವರು ನಾವು. ಹೀಗೆ ಕಪ್ಪಾಗಿಸುವವುಗಳಲ್ಲಿ ಫೈಟೊಫ್ತೊರಾ ಎಂಬ ರೋಗಾಣು ಮುಖ್ಯವಾದದ್ದು. ನಮ್ಮ ರೈತರಿಗೆ ಇದು ಹಳೆಯ ಶತ್ರು: ತೆಂಗಿನ ಸುಳಿಕೊಳೆಗೆ ಕಾರಣವಾಗುವ ಫೈಟೊಫ್ತೊರಾ ಪಾಮಿವೊರಾ ಆರ್ಕಿಡ್‌ಗೂ ತಗಲುತ್ತದೆ, ಅಡಿಕೆಯ ಕೊಳೆರೋಗವೂ ಇದೇ ಕುಲದ್ದು. 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ಗೊನೆಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಕಲಿಸಿಕೊಟ್ಟರು. ಮಳೆ ಹಿಡಿಯುವ ಮೊದಲೇ ಸಿಂಪಡಿಸುತ್ತಾರೆ, ಕೊಳೆತ ಮೇಲಲ್ಲ. ಆರ್ಕಿಡ್‌ಗೂ ಆ ಕ್ರಮವೇ ಸರಿ, ಔಷಧಿ ಮಾತ್ರ ಬೇರೆ.

ಈಗ ನಿಮ್ಮ ಪ್ರಶ್ನೆಯ ಔಷಧಿಗೆ ಬರುತ್ತೇನೆ. ಎಲ್ಲ ಕೊಳೆತಕ್ಕೂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹಾಕುವ ರೂಢಿಯಿದೆ. ಫೈಟೊಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಕಾರ್ಬೆಂಡಜಿಮ್ ಅದನ್ನು ತಡೆಯುವುದೂ ಇಲ್ಲ. ಅದಕ್ಕೆ ಬೇಕಾದದ್ದು ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಕೂಡಿದ ಪುಡಿ, ಇಲ್ಲವೇ ಫೊಸೆಟೈಲ್ ಅಲ್ಯೂಮಿನಿಯಂ. ಪ್ರಮಾಣ ಪೊಟ್ಟಣದ ಮೇಲಿದ್ದಷ್ಟೇ ಇರಲಿ. ಕೈಗವಸು, ಮುಖಗವಸು ಹಾಕಿಕೊಂಡು ಮನೆಯ ಹೊರಗೆ ಸಿಂಪಡಿಸಿ. ಎಲೆ ನೀರುನೀರಾಗಿ, ಅರೆಪಾರದರ್ಶಕವಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಕೊಳೆತ. ಅದು ಒಂದೆರಡು ದಿನದಲ್ಲೇ ಗಿಡವನ್ನು ಮುಗಿಸಬಲ್ಲದು. ಕೊಳೆತ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೆ, ಹಸಿರು ಭಾಗದಲ್ಲಿ ಕತ್ತರಿಸಿ ತಾಮ್ರದ ಔಷಧಿ ಹಚ್ಚಿ. ಡೆಂಡ್ರೋಬಿಯಂ ಎಂಬ ಬಗೆಯ ಆರ್ಕಿಡ್ ಇದ್ದರೆ ತಾಮ್ರ ತಾಗಿಸಬೇಡಿ, ಅದಕ್ಕೆ ತಾಮ್ರವೇ ವಿಷ. ರೋಗದ ಗಿಡವನ್ನು ಉಳಿದವುಗಳಿಂದ ದೂರವಿಡಿ.

ಸುಳಿ ಪೂರ್ತಿ ಹೋದರೂ ಬೇರು, ಕೆಳಗಿನ ಎಲೆಗಳು ಚೆನ್ನಾಗಿದ್ದರೆ ಎಸೆಯಬೇಡಿ. ಕೆಲವೊಮ್ಮೆ ಬುಡದಿಂದ ಮರಿ ಒಡೆಯುತ್ತದೆ. ಬುಡ ಕತ್ತರಿಸಿದಾಗ ಒಳಭಾಗ ಕಂದಾಗಿದ್ದರೆ ಮಾತ್ರ ಕೈಬಿಡಿ.

ಇನ್ನು ಮುಂದೆ ವಾರಕ್ಕಿಷ್ಟು ಎಂದು ಲೆಕ್ಕವಿಟ್ಟು ನೀರು ಹಾಕಬೇಡಿ. ಬೇರು ಬೆಳ್ಳಿಬಣ್ಣಕ್ಕೆ ತಿರುಗಿ, ಎತ್ತಿದಾಗ ಕುಂಡ ಹಗುರವೆನಿಸಿದರೆ ಬೆಳಿಗ್ಗೆ ಧಾರಾಳವಾಗಿ ಹಾಕಿ, ಪೂರ್ತಿ ಸೋರಲು ಬಿಡಿ. ಬೆಂಗಳೂರಿನ ಬೇಸಿಗೆಗೂ ಮಂಗಳೂರಿನ ಮಳೆಗಾಲಕ್ಕೂ ಒಂದೇ ಲೆಕ್ಕ ಹೊಂದುವುದಿಲ್ಲ. ಸುಳಿಯಲ್ಲಿ ನೀರು ನಿಂತರೆ ಹತ್ತಿಯಿಂದ ಹೀರಿ ತೆಗೆಯಿರಿ. ಜೂನ್ ಬರುವ ಮೊದಲೇ ಕುಂಡವನ್ನು ಸ್ವಲ್ಪ ಓರೆಯಾಗಿಸಿ, ಗಾಳಿಯಾಡುವ ಕಿಟಕಿಯ ಬಳಿ ಇಡಿ. ಮುಚ್ಚಿದ ಕೋಣೆಯಾದರೆ ಫ್ಯಾನ್ ನಿಧಾನವಾಗಿ ತಿರುಗುತ್ತಿರಲಿ. ಹೊಸ ಬೇರು ಬೆರಳುದ್ದ ಬೆಳೆಯುವವರೆಗೆ ಗೊಬ್ಬರ ಹಾಕಬೇಡಿ. ಸುಕ್ಕಾದ ಹಳೆಯ ಎಲೆಗಳು ಮತ್ತೆ ನೆಟ್ಟಗಾಗದಿದ್ದರೂ ಚಿಂತೆಯಿಲ್ಲ, ಮುಂದೆ ಬರುವ ಎಲೆ ಗಟ್ಟಿಯಾಗಿದ್ದರೆ ಗಿಡ ಚೇತರಿಸಿಕೊಂಡಿದೆ ಎಂದೇ ಲೆಕ್ಕ.