ಬೆದರುವ ಕುದುರೆಯ ಹತ್ತಿರ ಎಲ್ಲಿ ನಿಲ್ಲಬೇಕು? ಕಲಿಯುವವರಿಗೆ ಟಿಪ್ಪಣಿ

ಬೆದರುವ ಕುದುರೆ ಅಂದ ತಕ್ಷಣ ಅದನ್ನು ಸಮಾಧಾನ ಮಾಡೋದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಇದು ಈ ಕ್ಷಣವೇ ಬೆದರಿದರೆ ನಾನು ನಿಂತಿರುವ ಜಾಗ ಸರಿ ಇದೆಯಾ? ಮೊದಲು ಇದನ್ನು ಕೇಳಿಕೊಳ್ಳಬೇಕು. ಸವಾರಿಗೆ ಬಳಸುವ ಸಾಮಾನ್ಯ ಕುದುರೆ 400ರಿಂದ 600 ಕಿಲೋ ತೂಗುತ್ತದೆ. ಅದು ಹಾರಿ ಪಕ್ಕಕ್ಕೆ ಸರಿಯುವ ಹೊತ್ತಿನಲ್ಲಿ ನಮಗೆ ಯೋಚನೆ ಮಾಡಲು ಸಮಯವೇ ಸಿಗುವುದಿಲ್ಲ, ಹಾಗಾಗಿ ಯೋಚನೆಯನ್ನೆಲ್ಲ ಹತ್ತಿರ ಹೋಗುವ ಮೊದಲೇ ಮುಗಿಸಿಕೊಂಡಿರಬೇಕು.

ಅದಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಕುದುರೆ ಬೇರೆ ಪ್ರಾಣಿಗಳಿಗೆ ಬೇಟೆಯಾಗಿ ಬದುಕಿದ ಜಾತಿ. ಪೊದೆ ಅಲುಗಿದಾಗ ಏನದು ಅಂತ ನೋಡುತ್ತಾ ನಿಂತವು ಸತ್ತವು, ಮೊದಲು ಓಡಿ ಆಮೇಲೆ ತಿರುಗಿ ನೋಡಿದವು ಉಳಿದವು. ಉಳಿದವುಗಳ ಸಂತತಿಯೇ ಈಗ ನಮ್ಮ ಕೈಯಲ್ಲಿರುವ ಕುದುರೆ. ಅದನ್ನು ಹಠ, ಕೊಬ್ಬು ಅಂತ ಬೈದು ಏನೂ ಪ್ರಯೋಜನವಿಲ್ಲ. ಹೊಡೆದರೆ ಇನ್ನೂ ಕೆಡುತ್ತದೆ. ಹೆದರಿಸಿದ ವಸ್ತುವಿನ ಜೊತೆ ನೋವೂ ಸೇರಿಕೊಂಡು, ಮುಂದಿನ ಸಲ ಅದೇ ಜಾಗ ಬಂದಾಗ ಜಾಸ್ತಿ ಬೆದರುತ್ತದೆ.

ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಅದಕ್ಕೆ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಹಣೆಯ ಮುಂದಿನ ಒಂಚೂರು ಜಾಗ, ಮೂತಿಯ ಕೆಳಗೆ, ಮತ್ತೆ ಬಾಲದ ನೇರ ಹಿಂದೆ. ಹೊಸಬರು ಪ್ರೀತಿಯಿಂದ ಎದುರಿಗೆ ನಿಂತು ಹಣೆ ಸವರಲು ಕೈ ಎತ್ತುತ್ತಾರೆ, ಅಲ್ವಾ? ಕುದುರೆಗೆ ಕಾಣುವುದು ಬೇರೆ. ಕೈ ಬರುತ್ತಾ ಇದೆ, ಇದ್ದಕ್ಕಿದ್ದಂತೆ ಮಾಯವಾಗುತ್ತದೆ, ಮರುಕ್ಷಣ ಏನೋ ಹಣೆಗೆ ತಗಲುತ್ತದೆ. ತಲೆ ಮೇಲಕ್ಕೆ ಎಗರಿಸುವುದು ಅದಕ್ಕೇ.

ಇನ್ನೂ ಎರಡು ವಿಷಯ ಗುರುತು ಹಾಕಿಕೊಳ್ಳಿ. ಬೆಳಕಿನಿಂದ ಕತ್ತಲಿಗೆ ಹೋದಾಗ ಕುದುರೆಯ ಕಣ್ಣು ಹೊಂದಿಕೊಳ್ಳಲು ನಮಗಿಂತ ಹೆಚ್ಚು ಸಮಯ ಬೇಕು, ಆದ್ದರಿಂದ ಲಾಯದ ಬಾಗಿಲಲ್ಲೋ ಸಾಗಿಸುವ ಗಾಡಿಯ ಮುಂದೆಯೋ ಅದು ನಿಂತುಬಿಟ್ಟರೆ ಎಳೆಯಬೇಡಿ, ಸುಮ್ನೆ ಸ್ವಲ್ಪ ಹೊತ್ತು ನಿಲ್ಲಲು ಬಿಡಿ. ಎರಡನೆಯದು, ನೋಡಿ ಅಭ್ಯಾಸವಾದ ವಸ್ತುವನ್ನೇ ತಿರುಗಿಸಿಟ್ಟರೆ ಅದಕ್ಕೆ ಹೊಸದಾಗಿ ಕಾಣಬಹುದು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕುದುರೆಗಳಿಗೆ ಚೆನ್ನಾಗಿ ಪರಿಚಯವಾಗಿದ್ದ ಮಕ್ಕಳು ಆಡುವ ದೊಡ್ಡ ಆಟಿಕೆಯ ಸೆಟ್ಟನ್ನು 90 ಡಿಗ್ರಿ ತಿರುಗಿಸಿದಾಗ ಅವು ಮೊದಲ ಸಲ ನೋಡಿದಂತೆಯೇ ಗಾಬರಿಯಾದವು. "ನಿನ್ನೆ ಇದರ ಪಕ್ಕದಲ್ಲೇ ಹೋಗಿತ್ತಲ್ಲ, ಇವತ್ತೇನು ನಾಟಕ" ಅನ್ನುವ ಮಾತು ಬಾಯಿಗೆ ಬಂದಾಗ ಇದನ್ನು ನೆನಪಿಸಿಕೊಳ್ಳಿ.

ಹತ್ತಿರ ಹೋಗುವುದು, ಹಿಂದೆ ದಾಟುವುದು

ದೂರದಿಂದಲೇ ಮಾತಾಡುತ್ತಾ ಹೋಗಿ. ಏನು ಮಾತು ಅನ್ನುವುದು ಮುಖ್ಯವಲ್ಲ, ನೀವು ಬರುತ್ತಿದ್ದೀರಿ ಅಂತ ಅದಕ್ಕೆ ಗೊತ್ತಾಗಬೇಕು. ಕಿವಿ ನಿಮ್ಮ ಕಡೆ ತಿರುಗಿದರೆ ಗೊತ್ತಾಯಿತು ಅಂತ ಅರ್ಥ. ತಿರುಗುವ ತನಕ ಮುಂದೆ ಹೋಗಬೇಡಿ, ನಿದ್ದೆ ತೂಗುತ್ತಿರುವ ಕುದುರೆಯಾದರಂತೂ ಇದನ್ನು ತಪ್ಪಿಸಲೇಬೇಡಿ, ಕುದುರೆ ನಿಂತುಕೊಂಡೇ ತೂಕಡಿಸುತ್ತದೆ. ಎದುರಿನಿಂದ ಬೇಡ, ಹಿಂದಿನಿಂದ ಬೇಡ, ಓರೆಯಾಗಿ ಹೆಗಲಿನ ಕಡೆಗೆ ಬನ್ನಿ. ಮೊದಲು ಮುಟ್ಟುವುದು ಕುತ್ತಿಗೆಯನ್ನೋ ಹೆಗಲನ್ನೋ. ಕಳ್ಳಹೆಜ್ಜೆ ಹಾಕುವುದು ಅಪಾಯ, ಸದ್ದಿಲ್ಲದೆ ಹತ್ತಿರ ಬರುವುದು ಬೇಟೆಗಾರನ ನಡೆ.

ಹಿಂದೆ ದಾಟಬೇಕಾದಾಗ ಎರಡೇ ದಾರಿ. ಒಂದೋ ಮೂರು ಮೀಟರಿಗೂ ಜಾಸ್ತಿ ದೂರದಿಂದ ಸುತ್ತಿ ಹೋಗಿ, ಇಲ್ಲವೇ ಮೈಗೆ ಮೈ ತಾಗುವಷ್ಟು ಹತ್ತಿರದಿಂದ, ಒಂದು ಕೈಯನ್ನು ಅದರ ಹಿಂಭಾಗದ ಮೇಲಿಟ್ಟು, ಮಾತಾಡುತ್ತಾ ದಾಟಿ. ಇವೆರಡರ ನಡುವಿನ ಜಾಗವೇ ಅತ್ಯಂತ ಕೆಟ್ಟದ್ದು. ಒದೆಯ ಪೂರ್ತಿ ಬಲ ಇರುವುದು ಕಾಲು ಚಾಚಿದ ಕೊನೆಯಲ್ಲಿ. ತೀರಾ ಹತ್ತಿರ ಇದ್ದವರಿಗೆ ಅದು ಜೋರಾದ ತಳ್ಳುವಿಕೆ ಆಗುತ್ತದೆ, ಒಂದೂವರೆ ಮೀಟರಿನಲ್ಲಿ ನಿಂತವರಿಗೆ ಮೂಳೆ ಮುರಿಯುತ್ತದೆ. ಅದರ ಗುಣ ಇನ್ನೂ ಗೊತ್ತಿಲ್ಲದಿದ್ದರೆ ದೂರದ ದಾರಿಯನ್ನೇ ಹಿಡಿಯಿರಿ. ಹಿಂಗಾಲು ಪಕ್ಕಕ್ಕೂ ಬೀಸುತ್ತದೆ ಅನ್ನುವುದನ್ನೂ ಮರೆಯಬೇಡಿ.

ಕಾಲಿನ ಹತ್ತಿರ ಕೆಲಸವಿದ್ದರೆ ಮಂಡಿ ಊರಬೇಡಿ, ನೆಲದ ಮೇಲೆ ಕೂರಬೇಡಿ. ಬಾಗಿ ಅಥವಾ ಕುಕ್ಕರುಗಾಲಿನಲ್ಲಿ ಇರಿ, ಪಾದ ನೆಲದ ಮೇಲಿದ್ದರೆ ತಾನೇ ಪಕ್ಕಕ್ಕೆ ನೆಗೆಯಲು ಆಗೋದು? ಹಿಂಗಾಲು ಉಜ್ಜುವಾಗ ಖಾಲಿ ಇರುವ ಕೈ ಅದರ ತೊಡೆಯ ಮೇಲೆ ಇರಲಿ. ಒದೆಯುವ ಮೊದಲು ತೂಕ ಇನ್ನೊಂದು ಕಾಲಿಗೆ ಜಾರುತ್ತದೆ, ತೊಡೆಯ ಮಾಂಸ ಕಲ್ಲಾಗುತ್ತದೆ. ಕಣ್ಣಿಗೆ ಬೀಳುವ ಮೊದಲೇ ಅದು ಅಂಗೈಗೆ ಗೊತ್ತಾಗುತ್ತದೆ.

ಲಾಯದೊಳಗೆ ಬಾಗಿಲಿಗೂ ನಿಮಗೂ ನಡುವೆ ಕುದುರೆ ನಿಲ್ಲದಂತೆ ನೋಡಿಕೊಳ್ಳಿ. ಗೋಡೆಗೂ ಅದಕ್ಕೂ ನಡುವೆ ಸಿಕ್ಕಿಕೊಳ್ಳಬೇಡಿ.

ಹಗ್ಗ

ಈ ಭಾಗವನ್ನು ಎರಡು ಸಲ ಓದಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಬೆರಳಿಗೂ ಬೇಡ, ಸೊಂಟಕ್ಕೂ ಬೇಡ. ಕುದುರೆ ಎಳೆದಾಗ ಸುತ್ತು ಬಿಗಿಯುತ್ತದೆ, ಆಮೇಲೆ ಬಿಡಬೇಕು ಅಂದರೂ ಬಿಡಲು ಆಗುವುದಿಲ್ಲ, ಬೆರಳು ಕಳೆದುಕೊಳ್ಳುವುದೂ ಎಳೆದಾಡಿಸಿಕೊಂಡು ಹೋಗುವುದೂ ಹೀಗೆಯೇ. ಉಳಿದ ಹಗ್ಗವನ್ನು ಹಿಂದೆ ಮುಂದೆ ಮಡಿಕೆ ಮಾಡಿ, ಮಡಿಕೆಯ ನಡುವನ್ನು ಮುಷ್ಟಿಯಲ್ಲಿ ಹಿಡಿಯಿರಿ. ಎಳೆದರೆ ಮಡಿಕೆಗಳು ಒಂದೊಂದಾಗಿ ಜಾರಿ ಹೋಗುತ್ತವೆ. ಗ್ಲೌಸ್ ಇದ್ದರೆ ಅಂಗೈ ಸುಲಿಯುವುದಿಲ್ಲ.

ನಡೆಸುವಾಗ ನಿಮ್ಮ ಜಾಗ ಅದರ ತಲೆಗೂ ಹೆಗಲಿಗೂ ನಡುವೆ, ಒಂದು ತೋಳಿನಷ್ಟು ಪಕ್ಕಕ್ಕೆ. ಮುಂದೆ ನಡೆದು ಹಗ್ಗ ಎಳೆದುಕೊಂಡು ಹೋಗುವವರ ಬೆನ್ನ ಮೇಲೆಯೇ ಅದು ಹಾರುತ್ತದೆ. ತಿರುಗಿಸುವಾಗ ನಿಮ್ಮಿಂದ ಆಚೆ ಕಡೆಗೆ ತಿರುಗಿಸಿ, ಆಗ ಗೊರಸು ನಿಮ್ಮ ಪಾದದ ಮೇಲೆ ಬೀಳುವುದಿಲ್ಲ. ಅದು ನಿಜವಾಗಿ ಕಿತ್ತುಕೊಂಡು ಓಡಿದರೆ ಹಗ್ಗ ಬಿಟ್ಟುಬಿಡಿ. ಬಿಟ್ಟರೆ ಅವಮಾನ ಅನ್ನುವ ಭಾವನೆ ಅನೇಕರಲ್ಲಿ ಇದೆ, ನನಗಂತೂ ಅದು ಒಪ್ಪಿಗೆಯಿಲ್ಲ. ಓಡಿದ ಕುದುರೆಯನ್ನು ಮತ್ತೆ ಹಿಡಿಯಬಹುದು.

ಕಟ್ಟುವಾಗ ಅದರ ಹೆಗಲಿನ ಎತ್ತರಕ್ಕೆ, ಅಲುಗಾಡದ ಕಂಬಕ್ಕೆ, ತುದಿ ಎಳೆದರೆ ಬಿಚ್ಚುವ ಜಾರುಗಂಟು ಹಾಕಿ ಕಟ್ಟಿ. ಕಂಬಕ್ಕೂ ಹಗ್ಗಕ್ಕೂ ನಡುವೆ ಜೋರಾಗಿ ಎಳೆದರೆ ಹರಿಯುವ ತೆಳು ದಾರ ಇರಲಿ. ಗೇಟಿಗೆ ಕಟ್ಟಬೇಡಿ, ಕಿತ್ತು ಬಂದ ಗೇಟು ಹಿಂದೆ ಬಡಿಯುತ್ತಾ ಬಂದರೆ ಕುದುರೆಗೆ ಪ್ರಾಣಭಯ. ಕಟ್ಟಿದ ಕುದುರೆ ಹಿಂದಕ್ಕೆ ಜಗ್ಗಲು ಶುರು ಮಾಡಿದರೆ ಎದುರಿಗೆ ಹೋಗಬೇಡಿ, ದಾರ ಹರಿದ ಕ್ಷಣ ಅದು ಮುಂದಕ್ಕೂ ನೆಗೆಯಬಹುದು. ಬಯಲಿಗೆ ಬಿಡುವಾಗ ಅದರ ಮುಖವನ್ನು ಗೇಟಿನ ಕಡೆ ತಿರುಗಿಸಿ ನಿಲ್ಲಿಸಿ, ಬಿಚ್ಚಿ, ನೀವು ಗೇಟಿನ ಕಡೆ ಹಿಂದೆ ಸರಿಯಿರಿ. ಖುಷಿಯಲ್ಲಿ ತಿರುಗಿ ಒದ್ದರೂ ನೀವು ಅಲ್ಲಿರುವುದಿಲ್ಲ.

ಬೆದರುವ ಮೊದಲು

ತಲೆ ಎತ್ತರಕ್ಕೆ ಹೋಗುತ್ತದೆ, ಕುತ್ತಿಗೆ ಗಟ್ಟಿಯಾಗುತ್ತದೆ, ಎರಡೂ ಕಿವಿ ಒಂದೇ ಕಡೆ ನೆಟ್ಟು ನಿಲ್ಲುತ್ತವೆ, ಮೂಗಿನ ಹೊಳ್ಳೆ ಅರಳುತ್ತದೆ, ಮೇಯುತ್ತಿದ್ದರೆ ಬಾಯಿ ನಿಲ್ಲುತ್ತದೆ. ಕಿವಿ ಹಿಂದಕ್ಕೆ ತಲೆಗೆ ಅಂಟಿದ್ದರೆ ಅದು ಹೆಚ್ಚಾಗಿ ಸಿಟ್ಟು, ಎರಡನ್ನೂ ಬೆರೆಸಬೇಡಿ. ಹೆದರಿಕೆ ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ ಅನ್ನುವುದೂ ಗೊತ್ತಿರಲಿ. ಜೋರು ಗಾಳಿ, ಜೊತೆಯ ಕುದುರೆ ಕಾಣುತ್ತಿಲ್ಲ, ಎಲ್ಲೋ ತಗಡಿನ ಸದ್ದು, ಇಷ್ಟೆಲ್ಲ ಆದ ಮೇಲೆ ದಿನಾ ನೋಡುವ ಬಕೆಟ್ಟಿಗೂ ಅದು ಹಾರಿಬೀಳುತ್ತದೆ. ಅಂಥ ದಿನ ಹೊಸದೇನೂ ಕಲಿಸಲು ಹೋಗಬೇಡಿ.

ನಿಮ್ಮ ಹೆದರಿಕೆಯೂ ಲೆಕ್ಕಕ್ಕೆ ಬರುತ್ತದೆ. ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕುದುರೆಯನ್ನು ನಡೆಸುವವರಿಗೂ ಸವಾರರಿಗೂ ಈ ಸಲ ಛತ್ರಿ ಬಿಚ್ಚುತ್ತೇವೆ ಅಂತ ಹೇಳಿದ್ದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಅವರ ಎದೆಬಡಿತವೂ ಏರಿತು, ಏನೂ ಗೊತ್ತಿಲ್ಲದ ಕುದುರೆಗಳದ್ದೂ ಏರಿತು. ಹಾಗಾಗಿ ಉಸಿರು ಬಿಗಿಹಿಡಿಯಬೇಡಿ, ಹಗ್ಗವನ್ನು ಗಿಡ್ಡ ಮಾಡಿ ಜಗ್ಗಬೇಡಿ. ಹೆಲ್ಮೆಟ್ಟನ್ನು ನೆಲದ ಮೇಲಿನ ಕೆಲಸಕ್ಕೂ ಹಾಕಿ, ಗಟ್ಟಿ ಬೂಟು ಇರಲಿ.

ಹೊಸ ವಸ್ತುವನ್ನು ರೂಢಿ ಮಾಡಿಸುವಾಗ ಕುದುರೆ ಶಾಂತವಾಗಿ ನೋಡುವಷ್ಟು ದೂರದಲ್ಲಿ ಶುರು ಮಾಡಿ, ಅದು ತಲೆ ತಗ್ಗಿಸಿದಾಗ ವಸ್ತುವನ್ನು ಆಚೆ ತೆಗೆಯಿರಿ, ಮತ್ತೆ ತನ್ನಿ. ಹಾರಾಡುತ್ತಿರುವಾಗ ತೆಗೆದರೆ, ಹಾರಾಡಿದರೆ ಅದು ಹೋಗುತ್ತದೆ ಅನ್ನುವ ಪಾಠ ಕಲಿಯುತ್ತದೆ. ಆದ್ದರಿಂದಲೇ ಮೊದಲ ದೂರ ಸಾಕಷ್ಟು ಇರಬೇಕು.

ಶಾಂತವಾಗಿದ್ದ ಕುದುರೆ ಇದ್ದಕ್ಕಿದ್ದಂತೆ ಬೆದರಲು ಶುರು ಮಾಡಿದರೆ ತರಬೇತಿಗಿಂತ ಮೊದಲು ಪಶುವೈದ್ಯರನ್ನು ಕರೆಸಿ. ಕಣ್ಣು ಮಂದವಾಗಿರಬಹುದು, ಬೆನ್ನೋ ಹಲ್ಲೋ ನೋಯುತ್ತಿರಬಹುದು, ಜೀನು ಒತ್ತುತ್ತಿರಬಹುದು. ಒಂದೇ ಪಕ್ಕದ ವಸ್ತುಗಳಿಗೆ ಬೆದರುತ್ತಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ, ಅವರು ಆ ಪಕ್ಕದ ಕಣ್ಣನ್ನು ಮೊದಲು ನೋಡುತ್ತಾರೆ.