ದುಬಾರಿ ವಾಚಿನ ಫೋಟೋ ಹಾಕುವಾಗ ಸೀರಿಯಲ್ ನಂಬರ್ ಮುಚ್ಚಬೇಕಾ?

ಓದುಗರೊಬ್ಬರ ಪ್ರಶ್ನೆ: "ಭಾವ ದುಬೈನಿಂದ ಬರುವಾಗ ಒಮೆಗಾ ಸೀಮಾಸ್ಟರ್ ತಂದುಕೊಟ್ಟರು. ನನ್ನ ಮೊದಲ ದುಬಾರಿ ವಾಚ್. ಹಿಂದೆ ಮುಂದೆ ಎಲ್ಲ ಕಡೆಯಿಂದ ಫೋಟೋ ತೆಗೆದು ಹಾಕೋಣ ಅಂತ ಆಸೆ. ಗೆಳೆಯನೊಬ್ಬ ನಂಬರ್ ಮುಚ್ಚು, ಇಲ್ಲದಿದ್ದರೆ ತೊಂದರೆ ಅಂತಾನೆ. ಏನು ತೊಂದರೆ ಅಂದರೆ ಅವನಿಗೂ ಗೊತ್ತಿಲ್ಲ. ನಿಜವಾಗಿ ಮುಚ್ಚಬೇಕಾ?"

ಮುಚ್ಚಿ. ಪೂರ್ತಿ ಬೇಕಿಲ್ಲ, ಕೊನೆಯ ಮೂರು ನಾಲ್ಕು ಅಂಕಿ ಕಾಣದಿದ್ದರೆ ಸಾಕು. ನಿಮ್ಮ ಗೆಳೆಯ ಹೇಳಿದ್ದು ಸರಿ, ಆದರೆ ಕಾರಣ ಗೊತ್ತಿಲ್ಲದೆ ಮುಚ್ಚಿದರೆ ಮುಚ್ಚಬೇಕಾದ ಬೇರೆ ಜಾಗಗಳು ಬಿಟ್ಟುಹೋಗುತ್ತವೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಭಯ ಬಿಡಿ. ಇದು ಎಟಿಎಂ ಪಿನ್ ಥರ ಅಲ್ಲ. ನಂಬರ್ ಗೊತ್ತಾದ ಮಾತ್ರಕ್ಕೆ ಯಾರೂ ನಿಮ್ಮ ವಾಚನ್ನು ತಮ್ಮದು ಮಾಡಿಕೊಳ್ಳಲಾರರು. ಕ್ರಿಸ್ಟೀಸ್‌ನಂಥ ಹರಾಜು ಸಂಸ್ಥೆಗಳು ಪಟೆಕ್ ಫಿಲಿಪ್ ವಾಚುಗಳ ಕೇಸಿನ ನಂಬರ್, ಒಳಗಿನ ಯಂತ್ರದ ನಂಬರ್ ಎರಡನ್ನೂ ತಮ್ಮ ಕ್ಯಾಟಲಾಗ್‌ನಲ್ಲೇ ಅಚ್ಚು ಹಾಕುತ್ತವೆ. ಅಲ್ಲಿ ಮಾರುವವರು ಯಾರು, ವಾಚ್ ಯಾವ ಕೈಯಿಂದ ಬಂತು ಅನ್ನುವುದಕ್ಕೆಲ್ಲ ಹರಾಜು ಸಂಸ್ಥೆ ನಿಂತುಕೊಳ್ಳುತ್ತದೆ. ನಮ್ಮ ನಿಮ್ಮ ಫೋಟೋಗೆ ಹಾಗೆ ಯಾರೂ ನಿಲ್ಲುವುದಿಲ್ಲ.

ನಿಜವಾದ ತೊಂದರೆ ಬರುವುದು ಸುಳ್ಳು ಜಾಹೀರಾತಿನಿಂದ. ನೀವು ವಾಚಿನ ಮುಖ, ಬೆನ್ನು, ಡಬ್ಬಿ, ವಾರಂಟಿ ಕಾರ್ಡ್ ಎಲ್ಲ ಚೆನ್ನಾಗಿ ಬೆಳಕಲ್ಲಿ ಇಟ್ಟು ಫೋಟೋ ಹಾಕುತ್ತೀರಿ. ಯಾರೋ ಒಬ್ಬ ಆ ಫೋಟೋಗಳನ್ನು ಇಳಿಸಿಕೊಂಡು, "ತುರ್ತಾಗಿ ದುಡ್ಡು ಬೇಕು, ಬಿಲ್ ಸಮೇತ ಮಾರುತ್ತಿದ್ದೇನೆ" ಅಂತ ಬೇರೆಲ್ಲೋ ಹಾಕುತ್ತಾನೆ. ಕೊಳ್ಳುವವರು ಬುದ್ಧಿವಂತರೇ ಇರುತ್ತಾರೆ, ಸೀರಿಯಲ್ ನಂಬರ್ ಕೇಳುತ್ತಾರೆ. ನಿಮ್ಮ ಫೋಟೋದಲ್ಲಿ ಅದು ಕಾಣುತ್ತಿದ್ದರೆ ಅವನು ತಡವರಿಸದೆ ಹೇಳುತ್ತಾನೆ, ಕಾರ್ಡಿನ ಫೋಟೋ ಕೂಡ ಕಳಿಸುತ್ತಾನೆ, ಎರಡರಲ್ಲೂ ಒಂದೇ ನಂಬರ್ ಇರುವುದರಿಂದ ಅವರಿಗೆ ನಂಬಿಕೆ ಬಂದು ಮುಂಗಡ ಕಳಿಸಿಬಿಡುತ್ತಾರೆ. ಆಮೇಲೆ ಫೋನ್ ಸ್ವಿಚ್ ಆಫ್. ದುಡ್ಡು ಕಳೆದುಕೊಂಡವರು ದೂರು ಕೊಡುವಾಗ ಯಾವ ನಂಬರ್ ಬರೆಸುತ್ತಾರೆ? ನಿಮ್ಮ ವಾಚಿನದ್ದೇ. ಐದು ವರ್ಷ ಬಿಟ್ಟು ನೀವು ಅದನ್ನು ಮಾರಲು ಹೋದಾಗ, ಯಾರಾದರೂ ಆ ನಂಬರನ್ನು ಹುಡುಕಿ "ಇದು ಮೋಸದ ವಾಚಂತೆ" ಅಂದರೆ, ನಿಮ್ಮದೇ ವಸ್ತುವಿಗೆ ನೀವೇ ಪುರಾವೆ ಹಿಡಿದು ನಿಲ್ಲಬೇಕಾಗುತ್ತದೆ. ಇದನ್ನು ನೆನೆಸಿಕೊಂಡರೇ ನನಗೆ ಸಂಕಟ ಆಗುತ್ತದೆ, ಯಾಕಂದರೆ ಇಲ್ಲಿ ನಿಮ್ಮದು ಏನೂ ತಪ್ಪಿರುವುದಿಲ್ಲ.

ಎರಡನೆಯದು ನಕಲಿ ವಾಚ್. ರೋಲೆಕ್ಸ್ ಉದಾಹರಣೆ ನೋಡಿ. ಹಿಂದೆ ಅವರ ನಂಬರ್ ಒಂದು ಸರಣಿಯಲ್ಲಿ ಹೋಗುತ್ತಿತ್ತು, ಮೊದಲ ಅಕ್ಷರ ನೋಡಿ ಯಾವ ವರ್ಷದ್ದು ಅಂತ ಅಂದಾಜು ಮಾಡಬಹುದಿತ್ತು. 2010ರ ಸುಮಾರಿಗೆ ಆ ಸರಣಿ ಬಿಟ್ಟು, ಅಕ್ಷರ ಅಂಕಿ ಕಲಸಿದ ಎಂಟು ಸ್ಥಾನದ ನಂಬರ್ ಕೊಡಲು ಶುರು ಮಾಡಿದರು. ಈಗ ಊಹೆ ಮಾಡಿ ಬರೆಯಲು ಆಗುವುದಿಲ್ಲ. ಹಾಗಾಗಿ ನಕಲಿ ಮಾಡುವವರಿಗೆ ಅಸಲಿ ವಾಚಿನ ನಂಬರೇ ಬೇಕು. ಒಂದು ಸಿಕ್ಕರೆ ಅದನ್ನೇ ನೂರಾರು ನಕಲಿಗಳ ಮೇಲೆ ಕೆತ್ತುತ್ತಾರೆ.

ಇಲ್ಲೊಂದು ಮಾತು. ಬಂಗಾರದ ಒಡವೆಯ ಮೇಲಿನ ಆರು ಸ್ಥಾನದ ಎಚ್‌ಯುಐಡಿ ಗೊತ್ತಲ್ವಾ? ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ರೋಲೆಕ್ಸ್ ವಾಚಿಗೆ ಆ ಥರ ಎಲ್ಲರಿಗೂ ತೆರೆದಿಟ್ಟ ವ್ಯವಸ್ಥೆ ಇಲ್ಲ. "ನಂಬರ್ ಹಾಕಿ, ಅಸಲಿಯೋ ನಕಲಿಯೋ ಹೇಳುತ್ತೇವೆ" ಅನ್ನುವ ಗುರುತು ಪರಿಚಯವಿಲ್ಲದ ಜಾಲತಾಣಕ್ಕೆ ಸುಮ್ನೆ ನಂಬರ್ ಕೊಡಬೇಡಿ.

ಸರಿ, ನಂಬರ್ ಇರುವುದೆಲ್ಲಿ? ಈಚಿನ ಒಮೆಗಾಗಳಲ್ಲಿ ಸಾಮಾನ್ಯವಾಗಿ ಹಿಂಬದಿಯಲ್ಲಿ, ಪಟ್ಟಿ ಸಿಕ್ಕಿಸುವ ಕಾಲಿನ ಕೆಳಗೆ ಸಣ್ಣದಾಗಿ ಕೆತ್ತಿರುತ್ತದೆ. ಸೀಕೊದಲ್ಲಿ ಬೆನ್ನಿನ ಮುಚ್ಚಳದ ಮೇಲೆ ಆರು ಸ್ಥಾನ. ಅದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಹಾಗಾಗಿ ಮೊದಲ ಎರಡನ್ನು ತೋರಿಸಿ ಉಳಿದ ನಾಲ್ಕನ್ನು ಮುಚ್ಚಿದರೆ, ವಾಚ್ ಯಾವ ಕಾಲದ್ದು ಅಂತ ತಿಳಿಯಲು ಇಷ್ಟಪಡುವವರಿಗೂ ಖುಷಿ, ನಿಮಗೂ ಕ್ಷೇಮ. ಹಳೆಯ ರೋಲೆಕ್ಸ್‌ನಲ್ಲಿ ಆರು ಗಂಟೆಯ ಕಡೆ ಎರಡು ಕಾಲುಗಳ ನಡುವೆ ಇರುತ್ತಿತ್ತು. ಸರಪಳಿ ಬಿಚ್ಚದೆ ಕಾಣುತ್ತಿರಲಿಲ್ಲ.

ಹೊಸ ರೋಲೆಕ್ಸ್ ಕಥೆಯೇ ಬೇರೆ. ಗೆಳೆಯರೊಬ್ಬರ ಸಬ್‌ಮರೀನರ್ ಫೋಟೋ ತೆಗೆಯುತ್ತಿದ್ದೆ. ಬೆನ್ನು ತೋರಿಸುವುದಿಲ್ಲ, ಬರೀ ಮುಖ, ಏನೂ ಚಿಂತೆ ಇಲ್ಲ ಅಂದುಕೊಂಡಿದ್ದೆ. ಕಿಟಕಿ ಬೆಳಕಿಗೆ ವಾಚನ್ನು ಸ್ವಲ್ಪ ವಾಲಿಸಿ ಹತ್ತಿರದಿಂದ ಒಂದು ಫೋಟೋ ತೆಗೆದೆ. ಆಮೇಲೆ ಪರದೆಯಲ್ಲಿ ಎರಡು ಬೆರಳಿಂದ ಹಿಗ್ಗಿಸಿ ನೋಡಿದರೆ, ಗಾಜಿಗೂ ಡಯಲ್‌ಗೂ ನಡುವೆ ಹೊಳೆಯುವ ಉಕ್ಕಿನ ಉಂಗುರ ಇದೆಯಲ್ಲ, ಅದರ ಸುತ್ತ ರೋಲೆಕ್ಸ್ ರೋಲೆಕ್ಸ್ ಅಂತ ಕೆತ್ತಿದೆ, ಆರು ಗಂಟೆಯ ಜಾಗದಲ್ಲಿ ಮಾತ್ರ ಆ ಹೆಸರು ನಿಂತು ಎಂಟು ಅಕ್ಷರದ ನಂಬರ್ ಸ್ಪಷ್ಟವಾಗಿ ಕೂತಿದೆ! ಕಣ್ಣಿಗೆ ಕೂದಲೆಳೆಯಂತೆ ಕಾಣುವುದನ್ನು ಈಗಿನ ಫೋನ್ ಕ್ಯಾಮೆರಾ ಓದಿ ಕೊಡುತ್ತದೆ. ಅವತ್ತಿನಿಂದ ಮುಖದ ಫೋಟೋವನ್ನೂ ಹಿಗ್ಗಿಸಿ ನೋಡದೆ ನಾನು ಯಾರಿಗೂ ಕಳಿಸುವುದಿಲ್ಲ.

ಮುಚ್ಚುವುದು ಹೇಗೆ ಅನ್ನುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಫೋನಿನಲ್ಲಿ ಹೈಲೈಟರ್ ಥರದ ಪೆನ್ ತಗೊಂಡು ನಂಬರ್ ಮೇಲೆ ಕಪ್ಪಾಗಿ ಉಜ್ಜುತ್ತಾರೆ. ಆ ಬಣ್ಣ ಪಾರದರ್ಶಕ. ಕಪ್ಪಗೆ ಕಂಡರೂ ಬೇರೆಯವರು ಬೆಳಕು ಏರಿಸಿ ನೋಡಿದರೆ ಅಂಕಿ ಮತ್ತೆ ಎದ್ದು ಬರುತ್ತದೆ. ಕತ್ತರಿಸಿದರೆ ಸಾಕು ಅನ್ನುತ್ತೀರಾ? 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಮಾರ್ಕಪ್ ಸವಲತ್ತಿನಲ್ಲಿ ಒಂದು ದೋಷ ಹೊರಬಂತು. ಅದರಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟ್‌ಗಳ ತೆಗೆದುಹಾಕಿದ ಭಾಗವನ್ನು ಕಡತದೊಳಗಿಂದ ಮತ್ತೆ ಹೊರತೆಗೆಯಬಹುದಿತ್ತು. ಸರಿಪಡಿಸಿದರು, ಆದರೆ ಅಷ್ಟರೊಳಗೆ ಹಂಚಿಕೊಂಡಿದ್ದ ಹಳೆಯ ಚಿತ್ರಗಳನ್ನು ವಾಪಸ್ ತರಲು ಆಗುತ್ತದಾ?

ಅದಕ್ಕೇ ನಾನು ಹೇಳುವುದು ಇಷ್ಟೇ. ಫೋಟೋ ತೆಗೆಯುವ ಮೊದಲೇ ನಂಬರ್ ಮೇಲೆ ಸಣ್ಣ ಕಾಗದದ ತುಂಡನ್ನು ಅಂಟಿಸಿ, ಇಲ್ಲವೇ ಹೆಬ್ಬೆರಳಿಡಿ. ಚಿತ್ರದಲ್ಲಿ ಇಲ್ಲದ್ದನ್ನು ಯಾರೂ ಹೊರಗೆ ತೆಗೆಯಲಾರರು.

ನಂಬರ್ ಮುಚ್ಚಿ ಕಾರ್ಡ್ ತೆರೆದಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಕಾರ್ಡ್, ಬಿಲ್, ಡಬ್ಬಿಯ ಚೀಟಿ, ಬಾರ್‌ಕೋಡ್, ಎಲ್ಲದರಲ್ಲೂ ಅದೇ ನಂಬರ್ ಇರಬಹುದು. ಬಿಲ್ಲಿನಲ್ಲಂತೂ ನಿಮ್ಮ ಹೆಸರು, ಫೋನ್, ವಿಳಾಸ. ಬಿಲ್ ಯಾವತ್ತೂ ಹಾಕಬೇಡಿ. ಪಾಲಿಶ್ ಮಾಡಿದ ಉಕ್ಕು ಕನ್ನಡಿ ಇದ್ದ ಹಾಗೆ, ಅದರಲ್ಲಿ ಮನೆಯ ಒಳಗು ಕಾಣುತ್ತದೆ. ಚಿತ್ರದ ಕಡತದೊಳಗೆ ಎಲ್ಲಿ ತೆಗೆದದ್ದು ಅನ್ನುವ ಜಾಗದ ಗುರುತೂ ಉಳಿದಿರಬಹುದು. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋವಾಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಲಕ್ಷಾಂತರ ರೂಪಾಯಿಯ ವಾಚ್ ಯಾವ ಮನೆಯಲ್ಲಿದೆ ಅಂತ ತಿಳಿಯುವುದು, ನನ್ನ ಪ್ರಕಾರ, ನಂಬರ್ ತಿಳಿಯುವುದಕ್ಕಿಂತ ಅಪಾಯ.

ಮಾರುವಾಗ ಮಾತ್ರ ಲೆಕ್ಕ ಬೇರೆ. ಜಾಹೀರಾತಿನಲ್ಲಿ ಮುಚ್ಚಿ, ಆದರೆ ನಿಜವಾಗಿ ಕೊಳ್ಳಲು ಬಂದವರಿಗೆ ಖಾಸಗಿಯಾಗಿ ಪೂರ್ತಿ ತೋರಿಸಿ. ಅವರು ಕಾರ್ಡಿನ ನಂಬರಿಗೂ ವಾಚಿನ ನಂಬರಿಗೂ ತಾಳೆ ನೋಡಲೇಬೇಕು. ಕಳವಾದ ವಾಚಾ ಅಂತ ನೋಡಲು ಲಂಡನ್‌ನ ದಿ ವಾಚ್ ರಿಜಿಸ್ಟರ್ ಇದೆ, ರಿಶ್‌ಮಾಂಟ್ ಕಂಪನಿ 2023ರಲ್ಲಿ ಶುರು ಮಾಡಿದ ಎನ್‌ಕ್ವೈರಸ್ ಇದೆ. ನೀವೇ ಕೊಳ್ಳುವವರಾದರೆ, ವಾಚಿನ ಪಕ್ಕ ಇವತ್ತಿನ ದಿನಾಂಕವನ್ನೂ ನಿಮ್ಮ ಹೆಸರನ್ನೂ ಕೈಯಲ್ಲಿ ಬರೆದ ಚೀಟಿ ಇಟ್ಟು ಹೊಸ ಫೋಟೋ ಕಳಿಸಿ ಅಂತ ಕೇಳಿ. ಕದ್ದ ಫೋಟೋ ಇಟ್ಟುಕೊಂಡವನಿಗೆ ಅದು ಸುಲಭಕ್ಕೆ ಆಗುವುದಿಲ್ಲ. ದುಡ್ಡು ಕೊಡುವ ಹೊತ್ತಿಗೂ ನಂಬರ್ ತೋರಿಸಲು ಒಪ್ಪದವರ ಹತ್ತಿರ ವ್ಯವಹಾರವೇ ಬೇಡ.

ಇನ್ನು ಊರಿಗೆಲ್ಲ ಮುಚ್ಚಿದ ಆ ನಂಬರನ್ನು ನೀವು ಬರೆದಿಟ್ಟುಕೊಂಡಿದ್ದೀರಾ? ಕಳುವಾದಾಗ ಪೊಲೀಸ್ ಠಾಣೆಯಲ್ಲಿ "ನೀಲಿ ಡಯಲ್, ಸ್ಟೀಲ್ ಚೈನ್" ಅಂದರೆ ಸಾವಿರ ವಾಚುಗಳಿಗೆ ಹೊಂದುತ್ತದೆ. ಫೋನಾದರೆ ಐಎಂಇಐ ಕೊಟ್ಟು ಬ್ಲಾಕ್ ಮಾಡಿಸಬಹುದು, ವಾಚನ್ನು ಹಾಗೆ ಮಾಡಲು ಬರುವುದಿಲ್ಲ. ಎಫ್‌ಐಆರ್‌ನಲ್ಲಿ ಸೀರಿಯಲ್ ನಂಬರ್ ಇದ್ದರೆ ಮಾತ್ರ ನಾಳೆ ಸಿಕ್ಕ ವಾಚ್ ನಿಮ್ಮದೇ ಅಂತ ಹೇಳಲು ಗಟ್ಟಿ ಆಧಾರ. ವಿಮೆಗೂ ಅದೇ. ಒಂದು ಸ್ಪಷ್ಟ ಫೋಟೋ ತೆಗೆದು ಬಿಲ್ಲಿನ ಜೊತೆ ಇಡಿ, ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.

ಮತ್ತೆ ಭಾವನ ಮನೆಗೆ ದುಬೈಗೆ ಹೋಗುವಾಗ ಆ ಸೀಮಾಸ್ಟರ್ ಕಟ್ಟಿಕೊಂಡೇ ಹೋಗುವುದಾದರೆ, ಹೊರಡುವ ಮುಂಚೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ವಾಚ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಅದರಲ್ಲಿ ನಂಬರ್ ಬರೆಸಿ. ವಾಪಸ್ ಬಂದಾಗ ಇದನ್ನು ಅಲ್ಲೇ ಹೊಸದಾಗಿ ಕೊಂಡಿರಾ, ಸುಂಕ ಕಟ್ಟಿ ಅಂದರೆ, ಆ ಕಾಗದ ತೋರಿಸಿದರಾಯಿತು.