ನಲವತ್ತು ಗಂಟೆ ಎಲ್ಲಿ, ಯಾವ ವಿಮಾನದಲ್ಲಿ?

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಪೈಲಟ್ ಆಗಲು ಹೊರಡುವ ಮಕ್ಕಳ ಮನೆಯವರು ಹಾರಾಟ ಶಾಲೆಗೆ ಫೋನ್ ಮಾಡಿ ಕೇಳುವುದು ಎರಡೇ ಪ್ರಶ್ನೆ: ಒಟ್ಟು ಎಷ್ಟು ಖರ್ಚು, ಎಷ್ಟು ತಿಂಗಳಲ್ಲಿ ಮುಗಿಯುತ್ತದೆ? ಎರಡಕ್ಕೂ ಶಾಲೆಯವರ ಹತ್ತಿರ ಉತ್ತರ ತಯಾರಿರುತ್ತದೆ. 200 ಗಂಟೆ ಹಾರಾಟ, ಕಮರ್ಷಿಯಲ್ ಲೈಸೆನ್ಸು, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್, ಎಲ್ಲ ಸೇರಿ ಇಷ್ಟು ಲಕ್ಷ. ಆ ಪಟ್ಟಿಯ ಕೊನೆಯಲ್ಲಿರುವ ಇನ್‌ಸ್ಟ್ರುಮೆಂಟ್ ರೇಟಿಂಗನ್ನು ಬಿಡಿಸಿ ಕೇಳುವವರು ಕಡಿಮೆ. ಶಾಲೆ ಶಾಲೆಗೂ ಇರುವ ನಿಜವಾದ ವ್ಯತ್ಯಾಸ ಗೊತ್ತಾಗುವುದು ಅಲ್ಲೇ. ಕೋರ್ಸು ತಿಂಗಳುಗಟ್ಟಲೆ ನಿಂತುಹೋಗುವುದೂ ಬಹಳ ಸಲ ಅಲ್ಲೇ.

ಹೊರಗೆ ಏನೂ ಕಾಣದಿದ್ದಾಗ ಮುಂದಿರುವ ಮಾಪಕಗಳನ್ನಷ್ಟೇ ನೋಡಿ ವಿಮಾನ ನಡೆಸುವ ಅರ್ಹತೆ ಇದು. ಶಿವಮೊಗ್ಗದಲ್ಲಿ ಇಳಿಯಬೇಕಾದ ವಿಮಾನ ಮೋಡ ಕವಿದು ಇಳಿಯಲಾಗದೆ ಬೆಂಗಳೂರಿಗೆ ತಿರುಗಿತು ಎಂಬ ಸುದ್ದಿಯನ್ನು ನಮ್ಮ ಕಡೆಯವರು ಓದಿಯೇ ಇರುತ್ತಾರೆ. ಮೋಡದೊಳಗಿಂದ ಇಳಿಯಬೇಕಾದರೆ ಮೂರೂ ಕೂಡಿಬರಬೇಕು: ನೆಲದ ಮೇಲೆ ಅಥವಾ ಉಪಗ್ರಹದ ಮೂಲಕ ದಾರಿ ತೋರುವ ವ್ಯವಸ್ಥೆ, ಅದನ್ನು ಓದುವ ಉಪಕರಣವಿರುವ ವಿಮಾನ, ರೇಟಿಂಗ್ ಇರುವ ಪೈಲಟ್. ಶಾಲೆ ಆರಿಸುವಾಗಲೂ ಈ ಮೂರನ್ನೇ ಹಿಡಿದು ಹೋಗಬೇಕು.

ಮೊದಲು ನಿಯಮದ ಲೆಕ್ಕ. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಪ್ರಕಾರ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ (ಐಆರ್) ಕನಿಷ್ಠ 40 ಗಂಟೆ ಇನ್‌ಸ್ಟ್ರುಮೆಂಟ್ ಸಮಯ, ಅಂದರೆ ಮಾಪಕ ನೋಡಿಯೇ ಹಾರಿದ ಸಮಯ ಬೇಕು. ಜೊತೆಗೆ ಪೈಲಟ್ ಇನ್ ಕಮಾಂಡ್ (ಪಿಐಸಿ), ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ 50 ಗಂಟೆ ಕ್ರಾಸ್ ಕಂಟ್ರಿ (ಒಂದೂರಿಂದ ಇನ್ನೊಂದೂರಿಗೆ) ಹಾರಿರಬೇಕು. ಸಾಮಾನ್ಯ ತರಬೇತಿ ಸಿಮ್ಯುಲೇಟರಿನಲ್ಲಿ ಕಳೆದದ್ದರಲ್ಲಿ ಈ 40ಕ್ಕೆ ಸೇರುವುದು ಹೆಚ್ಚೆಂದರೆ 20 ಗಂಟೆ. ಉಳಿದ 20 ಆಕಾಶದಲ್ಲೇ ಆಗಬೇಕು. ಅದರಲ್ಲಿ ಬಹುಪಾಲು ನಿಜವಾದ ಮೋಡದಲ್ಲಿ ಆಗುವುದಿಲ್ಲ. ತಿಳಿ ಹವೆಯಲ್ಲೇ ಹಣೆಗೆ ಹುಡ್ ಹಾಕಿಸಿ, ಹೊರಗಿನ ನೋಟ ಮುಚ್ಚಿ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕುಳಿತು ಮಾಡಿಸುತ್ತಾರೆ. ಆದ್ದರಿಂದ ಶಾಲೆಯವರನ್ನು ಕೇಳಬೇಕಾದ್ದು ಹೀಗೆ: ನಲವತ್ತರಲ್ಲಿ ಸಿಮ್ಯುಲೇಟರ್ ಎಷ್ಟು, ಒಂದೇ ಎಂಜಿನ್ನಿನ ವಿಮಾನದಲ್ಲಿ ಎಷ್ಟು, ಎರಡು ಎಂಜಿನ್ನಿನದರಲ್ಲಿ ಎಷ್ಟು? ಬಾಯಿಮಾತು ಬೇಡ, ಡಿಜಿಸಿಎ ಒಪ್ಪಿದ ಅವರ ತರಬೇತಿ ಕೈಪಿಡಿಯ ಪಠ್ಯಕ್ರಮದ ಪುಟವನ್ನೇ ತೋರಿಸಲಿ. ಪಾಠಕ್ಕೊಂದು ಸಂಖ್ಯೆ, ಪಾಠಕ್ಕೆ ಇಷ್ಟು ಗಂಟೆ ಎಂದು ಅದರಲ್ಲಿ ಬರೆದಿರುತ್ತದೆ.

ಎರಡು ಎಂಜಿನ್ನಿನ ವಿಮಾನದ ಪ್ರಶ್ನೆಯನ್ನು ಸುಮ್ಮನೆ ದಾಟಬೇಡಿ. ನಮ್ಮಲ್ಲಿ ಹೆಚ್ಚಿನ ಶಾಲೆಗಳು ಐಆರ್ ಪರೀಕ್ಷೆಯನ್ನು ಟ್ವಿನ್ ಮೇಲೆಯೇ ಮಾಡಿಸುತ್ತವೆ. ಡಿಎ-42, ಪೈಪರ್ ಸೆನೆಕಾ, ಟೆಕ್ನಮ್ ಪಿ2006ಟಿ, ಇಂಥವು. ಶಾಲೆಯಲ್ಲಿ ಸೆಸ್ನಾ 172 ಹತ್ತು ಇರಬಹುದು, ಟ್ವಿನ್ ಮಾತ್ರ ಒಂದೇ ಒಂದು. ಲೆಕ್ಕ ಹಾಕಿ ನೋಡಿ. 60 ವಿದ್ಯಾರ್ಥಿಗಳು, ಒಬ್ಬೊಬ್ಬರಿಗೂ ಟ್ವಿನ್‌ನಲ್ಲಿ 15 ಗಂಟೆ ಎಂದರೆ 900 ಗಂಟೆ ಆಯಿತು. ಹವಾಮಾನ, ತಪಾಸಣೆ, ರಿಪೇರಿ ಎಲ್ಲ ಕಳೆದು ಆ ಒಂದು ವಿಮಾನ ತಿಂಗಳಿಗೆ 40 ಗಂಟೆ ಹಾರಿದರೆ ಸರದಿ ಮುಗಿಯಲು ಇಪ್ಪತ್ತೆರಡೂವರೆ ತಿಂಗಳು. ಅಷ್ಟರಲ್ಲಿ ಹೊಸ ಬ್ಯಾಚು ಸೇರಿರುತ್ತದೆ. 185 ಗಂಟೆ ಮುಗಿಸಿ ಹಾಸ್ಟೆಲ್ಲಿನಲ್ಲಿ ಸುಮ್ಮನೆ ಕೂತ ಮಕ್ಕಳು ದೇಶದ ತುಂಬ ಇದ್ದಾರೆ. ಅವರ ಕೈಚಳಕ ಮೊಂಡಾಗುತ್ತದೆ, ಮತ್ತೆ ಹಾರಲು ಕೂತಾಗ ಎರಡು ಮೂರು ಗಂಟೆ ಹಳೆಯದನ್ನು ತಿದ್ದಿಕೊಳ್ಳಲು ಹೋಗುತ್ತದೆ, ಆ ಗಂಟೆಗಳ ಬಿಲ್ಲೂ ಮನೆಗೇ ಬರುತ್ತದೆ.

ಸಿಂಗಲ್ ಎಂಜಿನ್ ವಿಮಾನಗಳಿಗೂ ಇದೇ ಗಣಿತ. ನೋಂದಣಿಯಲ್ಲಿ ಹತ್ತು ವಿಮಾನ ಇವೆ ಎನ್ನುವುದಕ್ಕೂ ಇವತ್ತು ಬೆಳಿಗ್ಗೆ ಆರು ಹಾರಲು ಸಿದ್ಧವಿವೆ ಎನ್ನುವುದಕ್ಕೂ ಅಜಗಜಾಂತರ. ಆರು ವಿಮಾನ, ದಿನಕ್ಕೆ ನಾಲ್ಕು ಗಂಟೆ, ತಿಂಗಳಲ್ಲಿ ಹಾರಬಹುದಾದ 20 ದಿನ ಎಂದಿಟ್ಟುಕೊಂಡರೆ 480 ಗಂಟೆ. 60 ಮಂದಿಗೆ ಹಂಚಿದರೆ ತಲೆಗೆ 8 ಗಂಟೆ. ಆ ವೇಗದಲ್ಲಿ 200 ಗಂಟೆಗೆ 25 ತಿಂಗಳು ಬೇಕು. ಹದಿನಾಲ್ಕು ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎಂದವರ ಮುಂದೆ ಈ ಭಾಗಾಕಾರ ಬರೆದಿಡಿ. ನೂರು ಗಂಟೆಯ ತಪಾಸಣೆಗೆ ನಿಂತ ವಿಮಾನ ಎಷ್ಟು ದಿನದಲ್ಲಿ ಹೊರಬರುತ್ತದೆ, ನಿರ್ವಹಣೆ ಅವರ ಎಂಜಿನಿಯರುಗಳದ್ದೋ ಹೊರಗಿನವರದ್ದೋ, ಬದಲಿ ಎಂಜಿನ್ ಇದೆಯೋ ಎಂದೂ ಕೇಳಿ. ತರಬೇತಿ ವಿಮಾನಗಳಲ್ಲಿ ಸಾಮಾನ್ಯವಾದ ಲೈಕಮಿಂಗ್ ಎಂಜಿನ್‌ಗಳಿಗೆ ತಯಾರಕರು ಹೇಳುವ ಓವರ್‌ಹಾಲ್ ಅವಧಿ 2,000 ಗಂಟೆಯ ಹತ್ತಿರ. ಮೂರು ವಿಮಾನ ಒಟ್ಟಿಗೆ ಆ ಗಡಿ ಮುಟ್ಟುವ ಶಾಲೆಯಲ್ಲಿ ಮುಂದಿನ ಆರು ತಿಂಗಳು ಹೇಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಇಂಧನವನ್ನೂ ಮರೆಯಬೇಡಿ. ಸೆನೆಕಾದಂಥವಕ್ಕೆ ಆವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಬೇಕು, ಡಿಎ-42 ಎನ್‌ಜಿ ಜೆಟ್ ಇಂಧನದಲ್ಲೇ ನಡೆಯುತ್ತದೆ. ಆವ್‌ಗ್ಯಾಸ್ ಬ್ಯಾರಲ್‌ಗಳ ದಾಸ್ತಾನು ಎಷ್ಟು ವಾರಕ್ಕೆ ಸಾಲುತ್ತದೆ ಎಂಬುದು ತೀರಾ ಸಣ್ಣ ಪ್ರಶ್ನೆಯಲ್ಲ.

ಇನ್ನು ನೆಲದ ಮೇಲಿನ ವ್ಯವಸ್ಥೆ. ವಿಒಆರ್ (ದಿಕ್ಕು ತೋರುವ ರೇಡಿಯೊ), ಡಿಎಂಇ (ದೂರ ತೋರುವುದು), ಐಎಲ್‌ಎಸ್ (ರನ್‌ವೇಗೆ ಇಳಿಯುವ ದಾರಿ ತೋರುವುದು) ಯಾವುದೂ ಇಲ್ಲದ ಏರ್‌ಸ್ಟ್ರಿಪ್‌ನಲ್ಲಿ ಶಾಲೆ ಇದ್ದರೆ ಪ್ರತಿ ಅಪ್ರೋಚ್ (ಇಳಿಯಲು ರನ್‌ವೇ ಸಮೀಪಿಸುವ) ಅಭ್ಯಾಸಕ್ಕೂ ಬೇರೆ ವಿಮಾನ ನಿಲ್ದಾಣಕ್ಕೆ ಹೋಗಿ ಬರಬೇಕು. ಹೋಗಿಬರಲು ಒಂದೂಕಾಲು ಗಂಟೆ, ಅಲ್ಲಿ ಕಲಿಯಲು ಸಿಗುವುದು ಇಪ್ಪತ್ತು ನಿಮಿಷ. ದಾರಿಯುದ್ದಕ್ಕೂ ಹುಡ್ ಹಾಕಿಸಿ ಟ್ರ್ಯಾಕಿಂಗ್ ಮಾಡಿಸುವ ಇನ್‌ಸ್ಟ್ರಕ್ಟರ್ ಇದ್ದರೆ ಆ ಸಮಯ ಪೂರ್ತಿ ವ್ಯರ್ಥವಲ್ಲ, ಆದರೆ ಅಪ್ರೋಚ್‌ಗಳ ಸಂಖ್ಯೆ ಕಡಿಮೆಯಾಗುವುದು ತಪ್ಪುವುದಿಲ್ಲ. ಅದಕ್ಕೆ ತದ್ವಿರುದ್ಧವಾಗಿ, ಏರ್‌ಲೈನ್ ಸಂಚಾರ ಜೋರಾಗಿರುವ ನಿಲ್ದಾಣದಲ್ಲಿ ಐಎಲ್‌ಎಸ್ ಇದ್ದರೂ ಸಂಚಾರ ನಿಯಂತ್ರಕರು (ಎಟಿಸಿ) ತರಬೇತಿ ವಿಮಾನಕ್ಕೆ ಹೋಲ್ಡ್ ಕೊಟ್ಟು, ಅಂದರೆ ಕಾಯಲು ಹೇಳಿ, ಸುತ್ತಿಸುತ್ತಲೇ ಇರಬಹುದು. ದಿನಕ್ಕೆ ಹತ್ತಾರು ವಿಮಾನ ಮಾತ್ರ ಬಂದು ಹೋಗುವ, ಉಪಕರಣಗಳೂ ಇರುವ ನಿಲ್ದಾಣ ಎಲ್ಲಕ್ಕಿಂತ ಒಳ್ಳೆಯದು.

ಇದನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಏರ್‌ಪೋರ್ಟ್ಸ್ ಅಥಾರಿಟಿಯ (ಎಎಐ) ಇ-ಎಐಪಿ, ಅಂದರೆ ನಿಲ್ದಾಣಗಳ ವಿವರವಿರುವ ಅಧಿಕೃತ ಕೈಪಿಡಿ, ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಬೇಕಾದ ನಿಲ್ದಾಣ ತೆಗೆದು ಎಡಿ 2.19 ನೋಡಿದರೆ ಅಲ್ಲಿರುವ ರೇಡಿಯೊ ನ್ಯಾವಿಗೇಶನ್ ಉಪಕರಣಗಳ ಪಟ್ಟಿ ಇರುತ್ತದೆ. ಎಡಿ 2.24ರಲ್ಲಿ ಚಾರ್ಟ್‌ಗಳ ಪಟ್ಟಿ. ಐಎಲ್‌ಎಸ್, ವಿಒಆರ್, ಆರ್‌ಎನ್‌ಪಿ (ಉಪಗ್ರಹ ಆಧಾರಿತ) ಚಾರ್ಟುಗಳು ಎಷ್ಟಿವೆ ಎಂದು ಎಣಿಸಿ. ಆಮೇಲೆ ಶಾಲೆಯ ವಿಮಾನದಲ್ಲಿ ಆರ್‌ಎನ್‌ಪಿ ಹಾರಲು ಒಪ್ಪಿಗೆ ಇರುವ ಜಿಪಿಎಸ್ ಇದೆಯೇ ಕೇಳಿ. ಕಾಕ್‌ಪಿಟ್‌ನಲ್ಲಿ ಜಿಪಿಎಸ್ ಪರದೆ ಇದ್ದ ಮಾತ್ರಕ್ಕೆ ಒಪ್ಪಿಗೆ ಇದೆ ಎಂದಲ್ಲ. ನಮ್ಮದೇ ಗಗನ್ ಉಪಗ್ರಹ ವ್ಯವಸ್ಥೆ ಬಳಸಿ 2022ರಲ್ಲಿ ಕಿಶನ್‌ಗಢದಲ್ಲಿ ಪ್ರಯಾಣಿಕ ವಿಮಾನ ಸಂಸ್ಥೆಯೊಂದರ ಎಟಿಆರ್ ವಿಮಾನ ಇಳಿಯಿತು. ಸಣ್ಣ ನಿಲ್ದಾಣಗಳ ಮುಂದಿನ ದಾರಿ ಅದೇ, ಹಾಗಾಗಿ ಬರೀ ವಿಒಆರ್ ಕಲಿಸಿ ಕಳಿಸುವ ಶಾಲೆ ಅರ್ಧ ಕಲಿಸಿದ ಹಾಗೆ.

ರಾಜ್ಯದೊಳಗೇ ನೋಡುವವರಿಗೆ ಜಕ್ಕೂರಿನ ಸರ್ಕಾರಿ ಶಾಲೆ ಹಳೆಯದು. ಎಎಐ 2021ರಲ್ಲಿ ಬೆಳಗಾವಿ, ಕಲಬುರಗಿ ನಿಲ್ದಾಣಗಳನ್ನೂ ತರಬೇತಿ ಶಾಲೆಗಳಿಗೆ ತೆರೆಯಿತು. (ಚಳ್ಳಕೆರೆ ಬಳಿಯ ರನ್‌ವೇ ಬಗ್ಗೆ ಕೇಳುವವರಿದ್ದಾರೆ. ಅದು ಡಿಆರ್‌ಡಿಒದ ಪರೀಕ್ಷಾ ನೆಲೆ, ತರಬೇತಿಗೆ ಸಿಗುವಂಥದ್ದಲ್ಲ.) ಹವೆಯ ಲೆಕ್ಕವನ್ನೂ ಊರಿಗೆ ತಕ್ಕಂತೆ ಹಾಕಿ. ಬೆಳಗಾವಿಯಲ್ಲಿ ಜುಲೈ, ಆಗಸ್ಟ್ ಎಂದರೆ ತಗ್ಗಿನ ಮೋಡ. ಉತ್ತರ ಪ್ರದೇಶದ ಕಡೆ ಡಿಸೆಂಬರ್, ಜನವರಿಯಲ್ಲಿ ಮಂಜು. ಕಲಬುರಗಿಯಲ್ಲಿ ಬೇಸಿಗೆಯ ಮಧ್ಯಾಹ್ನ ಹಾರುವುದು ಮೈಮುರಿಯುವ ಕೆಲಸ. ಬೆಳಗಾವಿ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಅಲ್ಲಿ 35 ಡಿಗ್ರಿ ಬಿಸಿಲಿದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ ಸುಮಾರು 5,500 ಅಡಿ. ಅಂದರೆ ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಹೇಗೋ ಹಾಗೆ ವಿಮಾನ ನಿಧಾನ ಏರುತ್ತದೆ. ಟ್ವಿನ್‌ನಲ್ಲಿ ಒಂದು ಎಂಜಿನ್ ಕೆಟ್ಟಂತೆ ಮಾಡಿ ಅಪ್ರೋಚ್ ಬಿಟ್ಟು ಮೇಲೇಳುವ ಪಾಠವನ್ನು ಅಂಥ ಮಧ್ಯಾಹ್ನ ಮಾಡಿಸುವಂತಿಲ್ಲ, ಬೆಳಗಿನ ಎರಡು ಸರದಿಗೇ ಎಲ್ಲರೂ ಮುಗಿಬೀಳುತ್ತಾರೆ.

ಸಿಮ್ಯುಲೇಟರ್ ನೋಡಲು ಹೋದಾಗ ಪರದೆ ಎಷ್ಟು ದೊಡ್ಡದು ಎಂದು ನೋಡುವುದು ಬೇಡ. ಐಆರ್ ಕಲಿಯುವವರಿಗೆ ಹೊರಗಿನ ಚಿತ್ರ ಹೇಗೂ ಕಾಣಬಾರದು. ಅದಕ್ಕೆ ಡಿಜಿಸಿಎ ಅನುಮೋದನೆ ಪತ್ರ ಚಾಲ್ತಿಯಲ್ಲಿದೆಯೇ, ಅದು ಯಾವ ದರ್ಜೆಯದು, ಅದರ ಮಾಪಕಗಳು ಶಾಲೆಯ ವಿಮಾನದ್ದನ್ನೇ ಹೋಲುತ್ತವೆಯೇ, ಇಷ್ಟು ನೋಡಿ. ಜಿ1000 ಎಂಬ ಡಿಜಿಟಲ್ ಪರದೆಯ ಸಿಮ್ಯುಲೇಟರಿನಲ್ಲಿ 20 ಗಂಟೆ ಕಲಿತು ಹಳೆಯ ಆರು ಗಡಿಯಾರಗಳ ಸೆನೆಕಾದಲ್ಲಿ ಪರೀಕ್ಷೆಗೆ ಕೂತವರು ಕಣ್ಣಾಡಿಸುವ ಕ್ರಮವನ್ನು ಮತ್ತೆ ಮೊದಲಿಂದ ಕಲಿಯಬೇಕಾಗುತ್ತದೆ. ಹಳೆಯ ಪ್ಯಾನೆಲ್‌ನಲ್ಲಿ ವ್ಯಾಕ್ಯೂಮ್ ಪಂಪ್ ಕೆಟ್ಟರೆ ವಿಮಾನದ ವಾಲು ತೋರುವ ಆಟಿಟ್ಯೂಡ್ ಇಂಡಿಕೇಟರ್, ದಿಕ್ಕು ತೋರುವ ಹೆಡಿಂಗ್ ಇಂಡಿಕೇಟರ್ ಎರಡೂ ಒಟ್ಟಿಗೆ ಸುಳ್ಳು ಹೇಳತೊಡಗುತ್ತವೆ, ಅದೂ ನಿಧಾನವಾಗಿ ಓಲುತ್ತಾ. ಪರದೆಯ ವಿಮಾನದಲ್ಲಿ ಕೆಟ್ಟದ್ದರ ಮೇಲೆ ಕೆಂಪು ಕಾಟು ಬೀಳುತ್ತದೆ. ಎರಡಕ್ಕೂ ಬೇರೆ ಬೇರೆ ಎಚ್ಚರ ಬೇಕು.

ಪಾಠದ ಗುಣಮಟ್ಟ ತಿಳಿಯಬೇಕಿದ್ದರೆ ಒಂದು ಹೋಲ್ಡಿಂಗ್ (ಸರದಿ ಬರುವ ತನಕ ಓವಲ್ ದಾರಿಯಲ್ಲಿ ಸುತ್ತುವ) ಪಾಠಕ್ಕೆ ಹಿಂದೆ ಕೂರಲು ಅವಕಾಶ ಕೇಳಿ. ವೇಗ 90 ನಾಟ್ ಇದ್ದರೆ ಸೆಕೆಂಡಿಗೆ ಮೂರು ಡಿಗ್ರಿ ತಿರುಗಲು ಸುಮಾರು 14 ಡಿಗ್ರಿ ವಾಲಿಸಬೇಕು. ಅರ್ಧ ಸುತ್ತಿಗೆ ಒಂದು ನಿಮಿಷ, ಹೊರಗೆ ಹೋಗಲು ಒಂದು ನಿಮಿಷ, ಮತ್ತೆ ಅರ್ಧ ಸುತ್ತು, ಒಳಬರಲು ಒಂದು ನಿಮಿಷ: ನಾಲ್ಕು ನಿಮಿಷದ ಆಟ. ಇದು ಗಾಳಿಯಿಲ್ಲದಿದ್ದಾಗ. ಅಡ್ಡಗಾಳಿ ಇದ್ದು ಒಳಬರುವಾಗ 5 ಡಿಗ್ರಿ ತಿದ್ದುಪಡಿ ಬೇಕಾದರೆ ಹೊರಹೋಗುವಾಗ ಅದರ ಮೂರು ಪಟ್ಟು, 15 ಡಿಗ್ರಿ ಹಿಡಿಯಬೇಕು. ಎರಡು ತಿರುವುಗಳಲ್ಲಿ ಗಾಳಿ ತಳ್ಳಿದ್ದನ್ನೂ ಅದೇ ಒಂದು ನಿಮಿಷದಲ್ಲಿ ತೀರಿಸಬೇಕಲ್ಲ, ಅದಕ್ಕೆ. ಸಿಮ್ಯುಲೇಟರಿನ ಗಾಳಿಯನ್ನು ಸೊನ್ನೆಗಿಟ್ಟು ಚೆಂದದ ಓವಲ್ ಬರೆಸಿ ‘ಹೋಲ್ಡಿಂಗ್ ಮುಗಿಯಿತು’ ಎಂದು ಸಹಿ ಹಾಕುವ ಶಾಲೆ ಬೇಡ. ಗಾಳಿ ಕೊಟ್ಟು, ಟ್ರ್ಯಾಕ್ ಕೆಡಿಸಿ, ನಿಲ್ಲಿಸಿ, ಎಲ್ಲಿ ಕೆಟ್ಟಿತು ಎಂದು ನಕ್ಷೆಯ ಮೇಲೆ ತೋರಿಸುವವರು ಕಲಿಸುವವರು. ಐಎಲ್‌ಎಸ್‌ನಲ್ಲೂ ಅಷ್ಟೇ: ಮೂರು ಡಿಗ್ರಿ ಇಳಿಜಾರಿಗೆ ನೆಲವೇಗದ ಐದು ಪಟ್ಟು, 90 ನಾಟ್‌ಗೆ ನಿಮಿಷಕ್ಕೆ 450 ಅಡಿ. ಹಿಂಗಾಳಿ ಬಂದು ನೆಲವೇಗ 110 ಆದಾಗ ಇಳಿಯುವ ದರ 550ಕ್ಕೆ ಹೋಗಬೇಕು ಎಂದು ವಿದ್ಯಾರ್ಥಿಗೆ ತಾನಾಗಿಯೇ ಹೊಳೆಯಬೇಕು.

ಸಿಮ್ಯುಲೇಟರಿನ ಆ 20 ಗಂಟೆಯನ್ನು ಯಾವಾಗ ಕೊಡುತ್ತಾರೆ ಎಂಬುದೂ ಮುಖ್ಯ. ಹಾರಾಟವೆಲ್ಲ ಮುಗಿದ ಮೇಲೆ ಎರಡು ವಾರದಲ್ಲಿ ಗುಡ್ಡೆ ಹಾಕಿ ಮುಗಿಸುವುದು ಲೆಕ್ಕ ತುಂಬಿಸುವ ದಾರಿ. ಇವತ್ತು ಸಿಮ್ಯುಲೇಟರಿನಲ್ಲಿ ಮಾಡಿದ್ದನ್ನು ನಾಡಿದ್ದು ವಿಮಾನದಲ್ಲಿ ಮಾಡಿಸಬೇಕು.

ಇನ್‌ಸ್ಟ್ರಕ್ಟರುಗಳ ವಿಷಯಕ್ಕೆ ಎರಡೇ ಮಾತು. ಎಷ್ಟು ಜನ ಐಆರ್ ಕಲಿಸಬಲ್ಲವರು, ಟ್ವಿನ್ ಮೇಲೆ ಕಲಿಸಲು ಅರ್ಹರು ಎಷ್ಟು? ಅಂಥವರು ಒಬ್ಬರೇ ಇದ್ದು ಅವರು ಏರ್‌ಲೈನ್‌ಗೆ ಹೊರಟರೆ ಇಡೀ ಬ್ಯಾಚು ನಿಲ್ಲುತ್ತದೆ. ಪರೀಕ್ಷಕರು ಶಾಲೆಯಲ್ಲೇ ಇದ್ದಾರೋ ಹೊರಗಿನಿಂದ ಬರಬೇಕೋ ಅದನ್ನೂ ತಿಳಿದುಕೊಳ್ಳಿ.

ಅಮೆರಿಕಕ್ಕೆ ಕಳಿಸುವ ಯೋಚನೆ ಇರುವವರು ಒಂದು ಕಡೆ ಎಡವುತ್ತಾರೆ. ಅಲ್ಲಿನ ಪಾರ್ಟ್ 141 ಶಾಲೆಗಳಲ್ಲಿ ಐಆರ್ 35 ಗಂಟೆಗೇ ಮುಗಿಯಬಹುದು. ನಮ್ಮ ಡಿಜಿಸಿಎಗೆ 40 ಬೇಕು. ಐದು ಗಂಟೆ ಕಡಿಮೆ ಇಟ್ಟುಕೊಂಡು ಬಂದರೆ ಇಲ್ಲಿ ಮತ್ತೆ ವಿಮಾನ ಹುಡುಕಬೇಕು. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದಾಗಲೂ ಅಲ್ಲಿ ಪಿಐಸಿ ಎಂದು ಬರೆದುಕೊಳ್ಳುವ ಪದ್ಧತಿ ಇದೆ. ಆ ಗಂಟೆಗಳನ್ನು ಇಲ್ಲಿನ 50 ಗಂಟೆಯ ಕ್ರಾಸ್ ಕಂಟ್ರಿ ಲೆಕ್ಕಕ್ಕೆ ನೆಚ್ಚಿಕೊಳ್ಳಬೇಡಿ. ಹೊರಡುವ ಮುನ್ನವೇ ಭಾರತದ ಲೆಕ್ಕವನ್ನು ಆ ಶಾಲೆಗೆ ಬರೆದು ಕಳಿಸಿ, ಅದಕ್ಕೆ ತಕ್ಕ ಪಠ್ಯಕ್ರಮ ಬರೆಸಿಕೊಳ್ಳಿ.

ಕಾಗದಪತ್ರದ ವಿಷಯದಲ್ಲಿ ನಮ್ಮ ಅಡಿಕೆ ವ್ಯಾಪಾರಿಗಳ ಬುದ್ಧಿ ಒಳ್ಳೆಯದು: ಮೇಲಿನ ಹಿಡಿ ನೋಡಿ ಚೀಲ ಕೊಳ್ಳುವುದಿಲ್ಲ. ಕಳೆದ ತಿಂಗಳ ಟೆಕ್ ಲಾಗ್‌ನ ಒಂದು ಪುಟ ತೋರಿಸಲು ಕೇಳಿ. ವಿಮಾನ ಎದ್ದ ಹೊತ್ತು, ಇಳಿದ ಹೊತ್ತು, ಒಟ್ಟು ಗಂಟೆ, ಸ್ನ್ಯಾಗ್ (ಕಂಡ ದೋಷಗಳ) ಕಾಲಂ ಅದರಲ್ಲಿರುತ್ತವೆ. ಅದೇ ದಿನ ಹಾರಿದ ವಿದ್ಯಾರ್ಥಿಯ ಲಾಗ್‌ಬುಕ್ ಪಕ್ಕಕ್ಕಿಟ್ಟರೆ ಎರಡೂ ತಾಳೆಯಾಗಬೇಕು. ಸ್ನ್ಯಾಗ್ ಕಾಲಂ ತಿಂಗಳಿಡೀ ಖಾಲಿ ಇದ್ದರೆ ಅದು ಒಳ್ಳೆಯ ಲಕ್ಷಣವಲ್ಲ, ಇಷ್ಟು ದುಡಿಯುವ ವಿಮಾನದಲ್ಲಿ ಏನೂ ಕೆಡದೆ ಇರುವುದಿಲ್ಲ. ಹಾರದೆ ಪೆನ್ನಿನಲ್ಲೇ ಬರೆದ ಗಂಟೆಗಳಿಗೆ ಈ ಕ್ಷೇತ್ರದಲ್ಲಿ ‘ಪಾರ್ಕರ್ ಗಂಟೆ’ ಎಂದೇ ಹೆಸರು. 2011ರಲ್ಲಿ ಇಂಥ ಸುಳ್ಳು ಗಂಟೆ, ನಕಲಿ ಅಂಕಪಟ್ಟಿಗಳ ಪ್ರಕರಣಗಳು ದೊಡ್ಡ ಸುದ್ದಿಯಾಗಿದ್ದವು, ಲೈಸೆನ್ಸುಗಳು ಹೋದವು. 2025ರ ಅಕ್ಟೋಬರ್‌ನಿಂದ ಡಿಜಿಸಿಎ ಶಾಲೆಗಳಿಗೆ ದರ್ಜೆಯನ್ನೂ ಕೊಡುತ್ತಿದೆ. ಮೊದಲ ಪಟ್ಟಿಯಲ್ಲಿ ಎ ದರ್ಜೆ ಯಾವ ಶಾಲೆಗೂ ಸಿಗಲಿಲ್ಲ. ದರ್ಜೆ ನೋಡಿ, ಆದರೆ ಟ್ವಿನ್ ಸರದಿಯ ಉದ್ದ ಅದರಲ್ಲಿ ಕಾಣುವುದಿಲ್ಲ.

ಹಣ ಒಟ್ಟಿಗೆ ಕಟ್ಟಬೇಡಿ. ರಿಯಾಯಿತಿಯ ಆಸೆ ತೋರಿಸುತ್ತಾರೆ. ಹಾರಿದ ಗಂಟೆಗೆ ತಕ್ಕಂತೆ ಕಂತು, ಇಂಧನ ದರ ಏರಿದರೆ ಯಾರು ತುಂಬಬೇಕು, ಪರೀಕ್ಷೆ ಫೇಲಾದರೆ ಹೆಚ್ಚುವರಿ ಗಂಟೆಯ ದರ ಎಷ್ಟು, ಟ್ವಿನ್ ಮೂರು ತಿಂಗಳು ನಿಂತರೆ ಬೇರೆ ಶಾಲೆಗೆ ಹೋಗಲು ಎಷ್ಟು ವಾಪಸ್ಸು, ಈ ನಾಲ್ಕೂ ಒಪ್ಪಂದದಲ್ಲಿ ಬರವಣಿಗೆಯಲ್ಲಿರಲಿ. ಬ್ಯಾಂಕ್ ಸಾಲವನ್ನೂ ಅದೇ ಕಂತಿಗೆ ಹೊಂದಿಸಿ ಬಿಡುಗಡೆ ಮಾಡಲು ಮ್ಯಾನೇಜರಿಗೆ ಮೊದಲೇ ಹೇಳಿ.

ಇದೆಲ್ಲಕ್ಕಿಂತ ಮುಂಚೆ ಕ್ಲಾಸ್ 1 ಮೆಡಿಕಲ್ ಆಗಿರಬೇಕು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಮಾಡಿಸಬಹುದು, ಸರದಿ ಸಿಗಲು ಕಾಯಬೇಕಾಗುತ್ತದೆ. ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ ಅದು ಮುಂಗಡ ಕಟ್ಟುವ ಮುಂಚೆಯೇ ಗೊತ್ತಾಗಲಿ. ಶಾಲೆ ನೋಡಲು ಹೋಗುವುದು ವಾರದ ನಡುವಿನ ದಿನ, ಬೆಳಿಗ್ಗೆ ಏಳರೊಳಗೆ. ಹ್ಯಾಂಗರಿನ ಹೊರಗೆ ಎಷ್ಟು ವಿಮಾನ ನಿಂತಿವೆ, ಒಳಗೆ ಎಷ್ಟು ಕವಚ ಬಿಚ್ಚಿಕೊಂಡಿವೆ ಎಂದು ಎಣಿಸಿ. ಆಮೇಲೆ ಕಚೇರಿಯವರನ್ನು ಬಿಟ್ಟು, ಐಆರ್‌ಗಾಗಿ ಕಾಯುತ್ತಿರುವ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದು ಚಹಾ ಕೊಡಿಸಿ, ಟ್ವಿನ್‌ನಲ್ಲಿ ಕೊನೆಯ ಸಲ ಹಾರಿದ್ದು ಯಾವತ್ತು ಎಂದು ಕೇಳಿ.